ಚಿತ್ರದ ಅಕ್ಷರಮಾಲೆಯಿಂದ ಮಗುವಿಗೆ ಅಕ್ಷರ ಕಲಿಸುವ ಬಗೆ

ಅಂಗಡಿಯಿಂದ ತಂದ ಅಕ್ಷರಮಾಲೆಯ ಪುಸ್ತಕವನ್ನು ಮಗುವಿನ ಕೈಗೆ ಕೊಡುವ ಮೊದಲು ನೀವೇ ಒಮ್ಮೆ ಪುಟ ತಿರುವಿ, ಪ್ರತಿ ಚಿತ್ರವನ್ನೂ ನಿಮ್ಮ ಮನೆಯಲ್ಲಿ ಏನೆಂದು ಕರೆಯುತ್ತಾರೆ ಎಂಬುದನ್ನು ನೋಡಿಕೊಳ್ಳಿ. ‘ಈ’ ಅಕ್ಷರದ ಪಕ್ಕದಲ್ಲಿ ಈರುಳ್ಳಿಯ ಚಿತ್ರವಿದ್ದರೆ ಮೈಸೂರಿನ ಮಗುವಿಗೆ ತೊಡಕಿಲ್ಲ. ಆದರೆ ಧಾರವಾಡದ ಮಗು ಅದನ್ನು ‘ಉಳ್ಳಾಗಡ್ಡಿ’ ಎನ್ನುತ್ತದೆ, ಮಂಗಳೂರಿನ ಮಗು ‘ನೀರುಳ್ಳಿ’ ಎನ್ನುತ್ತದೆ. ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕನ ಮಗಳು ಏಣಿಯ ಚಿತ್ರದ ಮೇಲೆ ಬೆರಳಿಟ್ಟು ‘ನಿಚ್ಚಣಿಕಿ’ ಎಂದು ಹೇಳಿ, ಅದರ ಕೆಳಗಿದ್ದ ‘ಏ’ ಅಕ್ಷರವನ್ನು ಎರಡು ದಿನ ‘ನಿ’ ಎಂದೇ ಓದುತ್ತಿದ್ದಳು. ಹೆಸರಿನ ಮೊದಲ ಧ್ವನಿಯನ್ನು ಅವಳ ಕಿವಿ ಸರಿಯಾಗಿಯೇ ಹಿಡಿದಿತ್ತು. ಆದ್ದರಿಂದ ಅವಳ ಮಾತನ್ನು ತಿದ್ದುವ ಬದಲು ಏಣಿಯ ಮೇಲೆ ಬಿಳಿ ಚೀಟಿ ಅಂಟಿಸಿ, ಅವಳಿಗೆ ಗೊತ್ತಿದ್ದ ಏಡಿಯ ಚಿತ್ರವನ್ನು ಬರೆದೆವು.

ವ್ಯಂಜನಗಳಲ್ಲಿ ಇನ್ನೊಂದು ಎಚ್ಚರ ಬೇಕು. ‘ಕ’ ಅಕ್ಷರಕ್ಕೆ ಕುದುರೆಯ ಚಿತ್ರವಿದ್ದರೆ ಮಗುವಿನ ಕಿವಿಗೆ ಬೀಳುವುದು ‘ಕು’. ಕಪ್ಪೆ, ಕಮಲ, ಕತ್ತರಿಗಳಾದರೆ ಕಣ್ಣಿಗೆ ಕಂಡದ್ದೂ ಕಿವಿಗೆ ಕೇಳಿದ್ದೂ ಒಂದೇ ಆಗಿರುತ್ತದೆ. ‘ಣ’, ‘ಳ’ಗಳಿಂದ ಬಳಕೆಯ ಕನ್ನಡ ಪದಗಳು ಆರಂಭವಾಗುವುದಿಲ್ಲವಾದ್ದರಿಂದ ಬಾಣ, ಕೊಳದಂತಹ ಪದಗಳನ್ನು ಹೇಳಿ ಕೊನೆಯ ಧ್ವನಿಯನ್ನು ಕೇಳಿಸಿ. ‘ಙ’, ‘ಞ’ ಸದ್ಯಕ್ಕೆ ಬೇಡ.

ಪುಸ್ತಕ ‘ಅ’ದಿಂದ ಆರಂಭವಾಗುತ್ತದೆಂದು ನೀವೂ ಅದೇ ಕ್ರಮದಲ್ಲಿ 49 ಅಕ್ಷರಗಳನ್ನು ಮುಗಿಸಬೇಕಾಗಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಮೊದಲು ಕಲಿಯುವುದು ‘ರ, ಗ, ಸ, ದ, ಅ’ ಎಂಬ ಐದು ಅಕ್ಷರಗಳನ್ನು. ಕಾಗುಣಿತದ ಗೊಡವೆಯಿಲ್ಲದೆ ಈ ಐದರಿಂದಲೇ ಸರ, ಅರಸ, ಅಗಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಮೊದಲ ವಾರದಲ್ಲೇ ಒಂದು ಇಡೀ ಪದವನ್ನು ಓದಿದ ಮಗುವಿನ ಮುಖ ಅರಳುವುದನ್ನು ಕಂಡವರಾರೂ ಹಳೆಯ ಕ್ರಮಕ್ಕೆ ಮರಳಲಾರರು ಎಂದು ನಾನು ನಂಬಿದ್ದೇನೆ.

ದಿನಕ್ಕೆ ಹತ್ತು ನಿಮಿಷ, ಒಂದು ಅಕ್ಷರ ಸಾಕು. ಮೊದಲು ಚಿತ್ರದ ಬಗ್ಗೆ ಮಾತನಾಡಿ, ಹೆಸರಿನ ಮೊದಲ ಧ್ವನಿಯನ್ನು ಬಿಡಿಸಿ ಹೇಳಿಸಿ, ಅನಂತರ ಅಕ್ಷರದ ಮೇಲೆ ಮಗುವಿನ ತೋರುಬೆರಳನ್ನು ಬರೆಯುವ ದಿಕ್ಕಿನಲ್ಲೇ ಆಡಿಸಿ. ಮರುದಿನ ಚಿತ್ರವನ್ನು ಅಂಗೈಯಿಂದ ಮುಚ್ಚಿ ಅಕ್ಷರವನ್ನಷ್ಟೇ ತೋರಿಸಬೇಕು. ಏಕೆಂದರೆ ಎಷ್ಟೋ ಮಕ್ಕಳು ಚಿತ್ರವನ್ನು ನೋಡಿ ಬಾಯಿಪಾಠ ಒಪ್ಪಿಸುತ್ತಿರುತ್ತಾರೆ, ನಾವು ಅದನ್ನೇ ಓದು ಎಂದುಕೊಂಡಿರುತ್ತೇವೆ. ‘ಪ’ ಮತ್ತು ‘ಷ’, ‘ವ’ ಮತ್ತು ‘ಮ’ ನೋಡಲು ಹತ್ತಿರವಾಗಿರುವುದರಿಂದ ಒಂದು ಗಟ್ಟಿಯಾಗುವವರೆಗೆ ಇನ್ನೊಂದನ್ನು ತೆರೆಯಬೇಡಿ.

ಮೊದಲ ಐದರ ಜೊತೆಗೆ ‘ಜ, ಯ, ನ’ ಸೇರಿದ ಮೇಲೆ, ಬೆಂಗಳೂರಿನಲ್ಲಿರುವವರು ಮಗುವನ್ನು ಬಸ್ ನಿಲ್ದಾಣಕ್ಕೆ ಕರೆದೊಯ್ದು, ಹಣೆಯ ಮೇಲೆ ‘ಜಯನಗರ’ ಎಂಬ ಫಲಕವಿರುವ ಬಸ್ಸು ಬರುವವರೆಗೆ ಕಾಯಿರಿ.