ಮೊದಲು ನೀರು, ಆಮೇಲೆ ಎಣ್ಣೆ: ಹಳೇ ಮಿಲಿಟರಿ ಕಾಡತೂಸು ಹಾರಿಸುವವರು ತಿಳಿಯಬೇಕಾದದ್ದು

ಹೋದ ಶ್ರಾವಣದಲ್ಲಿ ತಂಗಿಯ ಮಗ ಟೆಕ್ಸಾಸ್‌ನಿಂದ ಒಂದು ಫೋಟೊ ಕಳಿಸಿದ. ಬಿಳಿ ಅರಿವೆಯ ತುಂಡು, ಅದರ ಮೇಲೆ ಸಂಡೂರಿನ ಮಣ್ಣಿನಂಥ ಕೆಂಪು. ಕೆಳಗೆ ಬರೆದಿದ್ದ: "ಮಾಮ, ಹಾರಿಸಿದ ದಿನಾನೇ ಎಣ್ಣಿ ಹಾಕಿ ಇಟ್ಟಿದ್ದೆ. ನಾಲ್ಕೇ ದಿನಕ್ಕ ಬ್ಯಾರಲ್ ತುಂಬ ತುಕ್ಕು ಬಂದೈತಿ. ಏನ್ ತಪ್ಪು ಮಾಡೀನಿ?"

ಅವನು ಅಲ್ಲಿ ಒಂದು ಮೋಸಿನ್ ನಗಾಂಟ್ ಕೊಂಡಿದ್ದಾನೆ. 1891ರಲ್ಲಿ ರಷ್ಯಾದ ಸೈನ್ಯಕ್ಕೆ ಬಂದ ಬೋಲ್ಟ್ ರೈಫಲ್ ಅದು, ಅಂದರೆ ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆದು ತಳ್ಳಬೇಕು. ಜೊತೆಗೆ ಸೈನ್ಯ ಬೇಡವೆಂದು ಮಾರಿದ ಹಳೇ ಕಾಡತೂಸಿನ ಒಂದು ತಗಡಿನ ಡಬ್ಬಿ. ಒಂದು ಡಬ್ಬಿಯಲ್ಲಿ ಸಾಮಾನ್ಯವಾಗಿ 440 ಇರುತ್ತವೆ. ಹೊಸದಕ್ಕಿಂತ ಅಗ್ಗ ಅಂತ ಅಭ್ಯಾಸಕ್ಕೆ ತಂದಿದ್ದ. ನಾನು ಸೇನೆಯಲ್ಲಿ ಆರ್ಮರರ್, ಅಂದರೆ ಆಯುಧ ರಿಪೇರಿ ಮಾಡುವವನು ಆಗಿದ್ದೆ, ಈಗ ಸಿರುಗುಪ್ಪದಲ್ಲಿ ಭತ್ತ ಬೆಳೆಯುತ್ತೇನೆ. ಅವನಿಗೆ ಫೋನಿನಲ್ಲಿ ಒಂದೊಂದೇ ಹೇಳಿಕೊಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಯಾಕಂದರೆ ನಮ್ಮ ಕಡೆ ಲೈಸೆನ್ಸ್ ರೈಫಲ್ ಇರುವ ರೈತರೂ ನಿವೃತ್ತ ಯೋಧರೂ ಇದೇ ತಪ್ಪು ಮಾಡುವುದನ್ನು ನಾನು ನೋಡಿದ್ದೇನೆ.

ಮೊದಲು ನಮ್ಮ ಕಾನೂನಿನ ಮಾತು

ಅಮೆರಿಕದಲ್ಲಿ ನಡೆಯುವುದು ಇಲ್ಲಿ ನಡೆಯುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬಂದೂಕಿಗೆ ಮಾತ್ರ ಅಲ್ಲ, ಕಾಡತೂಸಿಗೂ ಲೈಸೆನ್ಸ್ ಬೇಕು. ಎಷ್ಟು ಇಟ್ಟುಕೊಳ್ಳಬಹುದು ಅನ್ನುವುದು ಲೈಸೆನ್ಸಿನಲ್ಲೇ ಬರೆದಿರುತ್ತದೆ. ತ್ರೀ ನಾಟ್ ತ್ರೀ, ಅಂದರೆ .303, ಸೈನ್ಯದ ಬೋರ್ (ಬ್ಯಾರಲ್ ತೂತಿನ ಅಳತೆ), ಹಾಗಾಗಿ ಸಾಮಾನ್ಯ ಜನರಿಗೆ ಅದು ನಿಷೇಧಿತ. ನಮ್ಮಲ್ಲಿ ಲೈಸೆನ್ಸ್ ಮೇಲೆ ಸಿಗುವ ಬೋಲ್ಟ್ ರೈಫಲ್ ಅಂದರೆ ಹೆಚ್ಚಾಗಿ .315. ಅದರ ಬೋಲ್ಟು ಹಳೇ ತ್ರೀ ನಾಟ್ ತ್ರೀಯ ಮನೆತನದ್ದೇ, ಕಾಡತೂಸು ಮಾತ್ರ ಬೇರೆ. ಹೊಲ ಉಳುವಾಗಲೋ ಹಳೇ ಮನೆ ಕೆಡವುವಾಗಲೋ ಹಳೇ ಮಿಲಿಟರಿ ಗುಂಡು ಸಿಕ್ಕರೆ ಅದನ್ನು ಮುಟ್ಟಬೇಡಿ, ಠಾಣೆಗೆ ತಿಳಿಸಿ. ಅಭ್ಯಾಸವೂ ಅಷ್ಟೇ, ಅನುಮತಿ ಇರುವ ರೇಂಜಿನಲ್ಲಿ ಮಾತ್ರ. ಹೊಲದ ಬದುವಿನ ಮೇಲೆ ನಿಂತು ಹಾರಿಸಿದ ಗುಂಡು ಎಲ್ಲಿ ಹೋಗಿ ಬೀಳುತ್ತದೆ ಅಂತ ಹೇಳಲು ಬರುವುದಿಲ್ಲ.

ಗುಂಡಿನ ಬುಡ ಓದಿ

ಮಿಲಿಟರಿ ಕಾಡತೂಸಿನ ಬುಡದಲ್ಲಿ ಸಾಮಾನ್ಯವಾಗಿ ಗುರುತು ಇರುತ್ತದೆ. ಯಾವ ಕಾರ್ಖಾನೆ, ಯಾವ ವರ್ಷ. ನಮ್ಮ ದೇಶದ ಹಳೇ ತ್ರೀ ನಾಟ್ ತ್ರೀ ಮೇಲೆ ಕೆ.ಎಫ್. ಅಂತ ಇದ್ದರೆ ಅದು ಪುಣೆ ಹತ್ತಿರದ ಖಡ್ಕಿಯದು. ಅಳಿಯನ ಡಬ್ಬಿಯವಕ್ಕೆ ಮೇಲೆ 188, ಕೆಳಗೆ 78 ಇತ್ತು. 188 ಅಂದರೆ ರಷ್ಯಾದ ನೊವೊಸಿಬಿರ್ಸ್ಕ್ ಕಾರ್ಖಾನೆ, 78 ಅಂದರೆ 1978. ಅಷ್ಟು ನೋಡಿದ ಕೂಡಲೇ ನನಗೆ ತುಕ್ಕಿನ ಕಾರಣ ಗೊತ್ತಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಕಾಡತೂಸು ಯಾವ ಬೋರಿನದು ಅಂತ ತಿಳಿದು, ಬ್ಯಾರಲ್ ಮೇಲೆ ಕೊರೆದಿರುವ ಬೋರಿನ ಜೊತೆ ತಾಳೆ ನೋಡಬೇಕು. ನೋಡಲು ಒಂದೇ ಥರ ಇದೆ, ಒಳಗೆ ಹೋಗುತ್ತದೆ ಅಂತ ಹಾಕಬಾರದು. ತ್ರೀ ನಾಟ್ ತ್ರೀ ಮತ್ತು .315 ಎರಡಕ್ಕೂ ಬುಡದಲ್ಲಿ ಅಂಚು ಇದೆ, ದೂರದಿಂದ ಅಣ್ಣತಮ್ಮಂದಿರಂತೆ ಕಾಣುತ್ತವೆ, ಆದರೆ ಗುಂಡಿನ ದಪ್ಪ ಬೇರೆ, ಕೇಸಿನ (ಮದ್ದು ತುಂಬಿದ ಲೋಹದ ಕೊಳವೆಯ) ಆಕಾರ ಬೇರೆ. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಕೇಸು ಹರಿದು ಬಿಸಿ ಗಾಳಿ ಮುಖಕ್ಕೇ ಬರಬಹುದು.

ಗುಂಡಿನ ಮೂತಿಯ ಬಣ್ಣವನ್ನೂ ನೋಡಿ. ರಷ್ಯಾದ ಮಾಲಿನಲ್ಲಿ ಹಸಿರು ಮೂತಿ ಅಂದರೆ ಬೆಂಕಿ ಗೆರೆ ಎಳೆಯುತ್ತ ಹೋಗುವ ಟ್ರೇಸರ್. ಕಪ್ಪು ಮತ್ತು ಕೆಂಪು ಎರಡೂ ಇದ್ದರೆ ಕವಚ ತೂರಿ ಬೆಂಕಿ ಹಚ್ಚುವಂಥದ್ದು. ಇವು ಅಭ್ಯಾಸಕ್ಕೆ ಅಲ್ಲವೇ ಅಲ್ಲ. ಒಣ ಹುಲ್ಲಿಗೆ ಬಿದ್ದರೆ ಏನಾಗುತ್ತದೆ ಅಂತ ಬೇಸಿಗೆಯ ಬಳ್ಳಾರಿ ಗುಡ್ಡ ನೋಡಿದವರಿಗೆ ನಾನು ಹೇಳಬೇಕಿಲ್ಲ. ಆಮೇಲೆ ಒಂದು ಅಯಸ್ಕಾಂತ ಹಿಡಿದು ನೋಡಿ. ಗುಂಡಿಗೆ ಅಂಟಿದರೆ ಒಳಗೋ ಹೊರಗೋ ಉಕ್ಕು ಇದೆ. ಒಳಗೆ ಉಕ್ಕಿದ್ದರೆ ಅದು ಕಬ್ಬಿಣದ ಗುರಿಫಲಕವನ್ನು ಕೆಡಿಸುತ್ತದೆ, ಕಲ್ಲಿಗೆ ಬಡಿದು ಕಿಡಿ ಹಾರಿಸುತ್ತದೆ. ಇಂಥವನ್ನು ಎಷ್ಟೋ ರೇಂಜುಗಳಲ್ಲಿ ಬಿಡುವುದಿಲ್ಲ.

ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ

ಅಕ್ಕಿಯಲ್ಲಿ ಕಲ್ಲು ಆರಿಸುತ್ತೇವಲ್ಲ, ಹಾಗೆ. ಒಂದು ಬಿಳಿ ಬಟ್ಟೆ ಹಾಸಿ, ಬೆಳಕಿನಲ್ಲಿ ಕೂತು, ಪ್ರತಿಯೊಂದನ್ನೂ ತಿರುಗಿಸಿ ನೋಡಬೇಕು. ಹಸಿರು ಕಿಲುಬು ಹಿಡಿದದ್ದು, ನೆಗ್ಗಿದ್ದು, ಕ್ಯಾಪ್ (ಬುಡದ ನಡುವೆ ಇರುವ, ಮದ್ದಿಗೆ ಬೆಂಕಿ ಹಚ್ಚುವ ಪುಟ್ಟ ಬಟ್ಟಲು) ಉಬ್ಬಿದ್ದು, ಗುಂಡು ಬೆರಳಿಗೆ ಅಲ್ಲಾಡುವುದು ಎಲ್ಲ ಬೇರೆ ಇಡಿ. ಮುಖ್ಯವಾಗಿ ಕೇಸಿನ ಕುತ್ತಿಗೆ ನೋಡಿ. ಅಲ್ಲಿ ಕೂದಲಿನಷ್ಟು ಸೀಳು ಕಂಡರೂ ಅದನ್ನು ಹಾರಿಸಬಾರದು.

ಈ ಸೀಳಿನ ಹಿಂದೆ ನಮ್ಮ ದೇಶದ್ದೇ ಕಥೆ ಇದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿದ್ದ ಸೈನ್ಯ ಮಳೆಗಾಲಕ್ಕೆ ಕಾಡತೂಸುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆಗಾಲ ಮುಗಿದು ತೆಗೆದರೆ ಹಿತ್ತಾಳೆ ಸೀಳಿರುತ್ತಿತ್ತು. ಹವೆಯ ದೋಷ ಅಂದುಕೊಂಡಿದ್ದರು. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ತೇವ, ಕೇಸು ಮಾಡುವಾಗ ಹಿತ್ತಾಳೆಯಲ್ಲಿ ಉಳಿದ ಬಿಗುವು ಇವು ಮೂರೂ ಸೇರಿ ಹೀಗೆ ಆಗುತ್ತದೆ ಅಂತ 1921ರಲ್ಲಿ ವಿವರಿಸಿದರು. ಇದು ನೂರು ವರ್ಷದ ಹಿಂದಿನ ಸಂಗತಿ ಅಂತ ಬಿಡಬೇಡಿ. ನಮ್ಮ ಹಳ್ಳಿಗಳಲ್ಲಿ ಕಾಡತೂಸಿನ ಪೆಟ್ಟಿಗೆ ಎಲ್ಲಿರುತ್ತದೆ? ಗೊಬ್ಬರದ ಚೀಲ ಇಡುವ ಕೋಣೆಯಲ್ಲಿ, ಇಲ್ಲವೇ ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ. ಯೂರಿಯಾ ಕರಗಿ ಹೊಡೆಯುವ ವಾಸನೆ, ಕೊಟ್ಟಿಗೆಯಲ್ಲಿ ಮೂಗಿಗೆ ಅಡರುವ ವಾಸನೆ ಎರಡೂ ಅಮೋನಿಯಾನೇ. ದಯವಿಟ್ಟು ಇವತ್ತೇ ಪೆಟ್ಟಿಗೆಯನ್ನು ಅಲ್ಲಿಂದ ತೆಗೆದು ಮನೆಯೊಳಗೆ, ಒಣ ಜಾಗದಲ್ಲಿ, ಬೀಗ ಹಾಕಿ ಇಡಿ.

ರೇಂಜಿನಲ್ಲಿ

ಹಾರಿಸುವ ಮೊದಲು ಬ್ಯಾರಲ್ ಮತ್ತು ಚೇಂಬರಿನ (ಬ್ಯಾರಲ್ ಹಿಂಬದಿಯಲ್ಲಿ ಕಾಡತೂಸು ಕೂರುವ ಜಾಗದ) ಎಣ್ಣೆ ಒರೆಸಿ ತೆಗೆಯಬೇಕು. ಹಳೇ ರೈಫಲ್ ಆದರೆ ಬೋಲ್ಟಿನ ನಂಬರೂ ರೈಫಲ್ ನಂಬರೂ ಒಂದೇ ಇದೆಯಾ ನೋಡಿ, ಬೇರೆ ಇದ್ದರೆ ಬೋಲ್ಟು ಸರಿಯಾಗಿ ಕೂರುತ್ತದಾ ಅಂತ ಗೇಜು ಹಾಕಿ ನೋಡಬಲ್ಲ ಆರ್ಮರರ್ ಹತ್ತಿರ ತೋರಿಸದೆ ಒಂದು ಗುಂಡೂ ಹಾಕಬೇಡಿ. ಕಣ್ಣಿಗೆ ಕನ್ನಡಕ, ಕಿವಿಗೆ ಮಫ್. ಮೊದಲ ಹತ್ತು ಗುಂಡು ಒಂದೊಂದೇ ಹಾಕಿ ಹಾರಿಸಿ. ಪ್ರತಿ ಸಲ ಖಾಲಿ ಕೇಸು ಎತ್ತಿ ನೋಡಿ. ಅದು ಹರಿದಿದ್ದರೆ ಅವತ್ತಿನ ಅಭ್ಯಾಸ ಅಲ್ಲಿಗೆ ಮುಗಿಯಿತು.

ಹಳೇ ಮಾಲಿನಲ್ಲಿ ಎರಡು ಸದ್ದು ಕೇಳಿದರೆ ಹುಷಾರಾಗಬೇಕು. ಒಂದು, ಬರೀ 'ಟಿಕ್'. ಟ್ರಿಗರ್ ಎಳೆದಿರಿ, ಗುಂಡು ಹಾರಲಿಲ್ಲ. ಆಗ ತಟ್ಟನೆ ಬೋಲ್ಟ್ ತೆಗೆಯುವ ಆಸೆ ಆಗುತ್ತದೆ, ಎಲ್ಲರಿಗೂ ಆಗುತ್ತದೆ. ತೆಗೆಯಬೇಡಿ. ಹಳೇ ಕ್ಯಾಪ್ ನಿಧಾನವಾಗಿ ಹೊತ್ತಿಕೊಂಡು ಕೆಲವು ಕ್ಷಣದ ಮೇಲೆ ಮದ್ದಿಗೆ ಬೆಂಕಿ ತಗಲಬಹುದು, ಅಷ್ಟರಲ್ಲಿ ಬೋಲ್ಟ್ ತೆರೆದಿದ್ದರೆ ಕೇಸು ನಿಮ್ಮ ಕೈಯಲ್ಲೇ ಒಡೆಯುತ್ತದೆ. ಮೂತಿ ಗುರಿಯ ಕಡೆಗೇ ಇರಲಿ, ಕನಿಷ್ಠ 30 ಸೆಕೆಂಡ್ ಕಾಯಿರಿ. ನಾನು ಒಂದು ನಿಮಿಷ ಎಣಿಸುತ್ತಿದ್ದೆ, ಹುಡುಗರಿಗೂ ಅಷ್ಟೇ ಎಣಿಸಲು ಹೇಳುತ್ತಿದ್ದೆ. ಎರಡನೆಯದು, 'ಠುಸ್' ಅನ್ನುವ ಸೋತ ಸದ್ದು, ಭುಜಕ್ಕೆ ಒದೆತವೂ ಕಡಿಮೆ. ಗುಂಡು ಬ್ಯಾರಲ್ ನಡುವೆ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ಬ್ಯಾರಲ್ ಉಬ್ಬುತ್ತದೆ ಇಲ್ಲವೇ ಸೀಳುತ್ತದೆ. ರೈಫಲ್ ಖಾಲಿ ಮಾಡಿ, ಬೋಲ್ಟ್ ಹೊರತೆಗೆದು, ಬ್ಯಾರಲ್ ಒಳಗಿಂದ ಬೆಳಕು ಕಾಣುತ್ತದಾ ನೋಡಿ.

ಬೋಲ್ಟ್ ಬಿಗಿಯಾಗಿ ಏಳದಿದ್ದರೆ ಮರದ ಸುತ್ತಿಗೆಯಿಂದ ಬಡಿಯುವವರನ್ನು ನೋಡಿದ್ದೇನೆ. ಬೇಡ. ಬಹಳ ಸಲ ಚೇಂಬರಿನಲ್ಲಿ ಉಳಿದ ಹಳೇ ಗ್ರೀಸು ಬಿಸಿಗೆ ಅಂಟಾಗಿರುತ್ತದೆ, ಬ್ರಷ್ ಹಾಕಿ ಚೆನ್ನಾಗಿ ಉಜ್ಜಿದರೆ ಸರಿಹೋಗುತ್ತದೆ. ಇನ್ನು ಈ ಗುಂಡುಗಳು ಗುರಿಫಲಕದ ಮೇಲೆ ಹತ್ತಿರ ಹತ್ತಿರ ಬೀಳಲಿಲ್ಲ ಅಂತ ಬೇಜಾರಾಗಬೇಡಿ. ಅಭ್ಯಾಸ ಅಂದರೆ ಉಸಿರು, ಟ್ರಿಗರ್, ಭುಜದಿಂದ ಇಳಿಸದೆ ಬೋಲ್ಟ್ ತಿರುಗಿಸುವುದು. ಅದಕ್ಕೆ ಇವು ಸಾಕು. ಸೈಟ್ ಹೊಂದಿಸಲು ಮಾತ್ರ ಒಂದೇ ಡಬ್ಬಿಯ, ಒಂದೇ ವರ್ಷದ ಗುಂಡು ಬಳಸಿ.

ತೊಳೆಯುವುದು: ಇದೇ ಮುಖ್ಯ

ಈಗ ಅಳಿಯನ ತುಕ್ಕಿಗೆ ಬರುತ್ತೇನೆ. ಹಳೇ ಮಿಲಿಟರಿ ಕ್ಯಾಪ್‌ಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ವರ್ಷಗಟ್ಟಲೆ ಇಟ್ಟರೂ ಹೊತ್ತಿಕೊಳ್ಳುತ್ತದೆ ಅನ್ನುವುದು ಅದರ ಒಳ್ಳೆಯ ಗುಣ. ಉರಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗುತ್ತದೆ. ಅದು ಉಪ್ಪು, ನಮ್ಮ ಅಡುಗೆ ಉಪ್ಪಿನ ಜಾತಿಯದ್ದೇ. ಪ್ರತಿ ಗುಂಡಿಗೂ ಆ ಉಪ್ಪಿನ ಪುಡಿ ಬ್ಯಾರಲ್ ಒಳಗೆ ಕೂರುತ್ತದೆ, ಗಾಳಿಯ ತೇವ ಎಳೆದುಕೊಳ್ಳುತ್ತದೆ, ಉಕ್ಕನ್ನು ತಿನ್ನುತ್ತದೆ. ಅಮೆರಿಕದವರು ತಮ್ಮ .30-06 ಗುಂಡುಗಳಲ್ಲಿ ಇದನ್ನು 1950ರ ದಶಕದ ಆರಂಭದಲ್ಲೇ ಬಿಟ್ಟರು. ಸೋವಿಯತ್ ಕಡೆಯ ಕಾರ್ಖಾನೆಗಳು ಬಹಳ ಕಾಲ ಬಿಡಲಿಲ್ಲ.

ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ಅಳಿಯ ಮಾಡಿದ ತಪ್ಪು ಅದೊಂದೇ. ಉಪ್ಪಿನ ಮೇಲೆ ಎಣ್ಣೆ ಸವರಿದ್ದ.

ನಮ್ಮ ಕಡೆಯ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ತುಂಗಭದ್ರಾ ಕಾಲುವೆಯ ಕೆಳಗೆ ಸಿರುಗುಪ್ಪ, ಸಿಂಧನೂರು, ಗಂಗಾವತಿಯಲ್ಲಿ ಎಷ್ಟು ಎಕರೆ ಸವಳು ಹಿಡಿದಿದೆ ನೋಡಿ. ಕಪ್ಪು ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಏಳುತ್ತದೆ. ಅದರ ಮೇಲೆ ಎಷ್ಟು ಗೊಬ್ಬರ ಹಾಕಿದರೂ ಪೈರು ಬರುವುದಿಲ್ಲ. ಒಳ್ಳೆ ನೀರು ನಿಲ್ಲಿಸಿ, ಉಪ್ಪು ಕರಗಿಸಿ, ಬಸಿಗಾಲುವೆಯಲ್ಲಿ ಹೊರಗೆ ಬಿಟ್ಟ ಮೇಲೆಯೇ ಮುಂದಿನ ಮಾತು. ಬ್ಯಾರಲ್ಲಿಗೂ ಇದೇ ಲೆಕ್ಕ.

ಹಾರಿಸಿದ ದಿನವೇ, ಊಟಕ್ಕೆ ಕೂರುವ ಮೊದಲು ಮಾಡಿ. ರೈಫಲ್ ಖಾಲಿ ಇದೆ ಅಂತ ಕಣ್ಣಲ್ಲೂ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಬೋಲ್ಟ್ ಹೊರಗೆ ತೆಗೆಯಿರಿ. ಒಂದು ಲೀಟರಿನಷ್ಟು ನೀರು ಕುದಿಸಿ. ಬೋರ್‌ವೆಲ್ ನೀರು ಬೇಡ, ನಮ್ಮ ಕಡೆಯ ಬೋರ್ ನೀರಲ್ಲೇ ಉಪ್ಪು ಜಾಸ್ತಿ, ಪಾತ್ರೆ ತಳದಲ್ಲಿ ಬೆಳ್ಳಗೆ ಕಟ್ಟುವುದನ್ನು ನೋಡಿಯೇ ಇರುತ್ತೀರಿ. ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರು ಒಳ್ಳೆಯದು. ರೈಫಲ್ಲನ್ನು ಮೂತಿ ಕೆಳಗೆ ಮಾಡಿ ಬಕೆಟ್ಟಿನಲ್ಲಿ ನಿಲ್ಲಿಸಿ, ಲಾಳಿಕೆಗೆ ಒಂದು ಗೇಣು ರಬ್ಬರ್ ಪೈಪು ಸಿಕ್ಕಿಸಿ, ಪೈಪಿನ ತುದಿ ಚೇಂಬರಿನಲ್ಲಿ ಕೂರುವಂತೆ ಇಟ್ಟು ಬಿಸಿನೀರನ್ನು ನಿಧಾನವಾಗಿ ಸುರಿಯಿರಿ, ಇಲ್ಲದಿದ್ದರೆ ನೀರು ಟ್ರಿಗರಿಗೂ ಮರಕ್ಕೂ ಇಳಿದು ಇನ್ನೊಂದು ತೊಂದರೆ ಆಗುತ್ತದೆ. ಬ್ಯಾರಲ್ ಸುಡುತ್ತದೆ, ದಪ್ಪ ಅರಿವೆಯಿಂದ ಹಿಡಿಯಿರಿ. ಆ ಬಿಸಿಯೇ ಒಳ್ಳೆಯದು, ಉಳಿದ ತೇವ ಆರಲು ಅದು ನೆರವಾಗುತ್ತದೆ. ತ್ರೀ ನಾಟ್ ತ್ರೀ ಕಾಲದ ಸಿಪಾಯಿಗಳೂ ಕುದಿಯುವ ನೀರು, ಲಾಳಿಕೆ ಇಟ್ಟುಕೊಂಡು ಹೀಗೇ ತೊಳೆಯುತ್ತಿದ್ದರು.

ನೀರು ಬಸಿದ ಮೇಲೆ ಪುಲ್‌ಥ್ರೂಗೆ (ಬ್ಯಾರಲ್ ಒಳಗಿಂದ ಎಳೆಯುವ ಹಗ್ಗಕ್ಕೆ) ಒಣ ಚಿಂದಿ ಸಿಕ್ಕಿಸಿ ಎಳೆಯಿರಿ. ಒಣಗಿ ಬರುವವರೆಗೆ ಹೊಸ ಹೊಸ ಚಿಂದಿ. ಆಮೇಲೆ ಕರಿ ಮಸಿಗೆ ಬ್ರಷ್ಷು, ಸಾಲ್ವೆಂಟು, ಮತ್ತೆ ಒಣ ಚಿಂದಿ. ಕೊನೆಗೆ ಎಣ್ಣೆ.

ಬೋಲ್ಟಿನ ಮುಖವನ್ನು ಬಹಳ ಜನ ಮರೆಯುತ್ತಾರೆ. ಕ್ಯಾಪ್ ಉರಿಯುವುದೇ ಅದರ ಎದುರಿಗೆ, ಹಾಗಾಗಿ ಅಲ್ಲೂ ಉಪ್ಪು ಕೂತಿರುತ್ತದೆ. ಫೈರಿಂಗ್ ಪಿನ್ನಿನ ತುದಿ, ಬೋಲ್ಟಿನ ಮುಖ, ಬ್ಯಾರಲ್ ಮೂತಿಯ ಅಂಚು ಮೂರನ್ನೂ ಬಿಸಿನೀರಲ್ಲಿ ಅದ್ದಿದ ಚಿಂದಿಯಿಂದ ಒರೆಸಿ, ಒಣಗಿಸಿ, ಎಣ್ಣೆ ಹಚ್ಚಿ. ಬೋಲ್ಟ್ ರೈಫಲ್ಲಿನ ದೊಡ್ಡ ಅನುಕೂಲ ಇಲ್ಲೇ ಇದೆ. ತಾನೇ ತುಂಬಿಕೊಳ್ಳುವ ರೈಫಲ್ಲುಗಳಲ್ಲಿ ಹೊಗೆ ಗ್ಯಾಸ್ ಪೈಪಿನ ಒಳಗೆಲ್ಲ ಹೋಗುತ್ತದೆ, ಸಂದಿಗೊಂದಿ ತೊಳೆಯಬೇಕು. ಇದರಲ್ಲಿ ಅಂಥ ಪೈಪೇ ಇಲ್ಲ.

ಸೀಮೆಎಣ್ಣೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಡೀಸೆಲ್ ಅನ್ನುವವರೂ ಇದ್ದಾರೆ. ಎರಡೂ ಮಸಿ ತೆಗೆಯುತ್ತವೆ, ಉಪ್ಪು ತೆಗೆಯುವುದಿಲ್ಲ. ಗುಂಡು ಹೊಸದೋ ಹಳೆಯದೋ ಗೊತ್ತಿಲ್ಲ, ಯಾವ ಕ್ಯಾಪ್ ಇದೆ ಗೊತ್ತಿಲ್ಲ ಅಂದರೆ ಉಪ್ಪು ಇದೆ ಅಂತಲೇ ತಿಳಿದು ತೊಳೆಯಿರಿ. ಒಂದು ಲೀಟರ್ ನೀರು, ಅರ್ಧ ಗಂಟೆ. .315 ಇಟ್ಟುಕೊಂಡವರೂ ಹಳೇ ಸ್ಟಾಕಿನ ಗುಂಡು ಹಾರಿಸಿದ ದಿನ ಹೀಗೇ ಮಾಡಬಹುದು, ನಷ್ಟ ಏನೂ ಇಲ್ಲ.

ಸೇವೆಯ ಮೊದಲ ವರ್ಷ, ಫೈರಿಂಗ್ ಮುಗಿಸಿ ಬರುವಾಗ ಮಳೆ ಹಿಡಿಯಿತು. ರಾತ್ರಿ ಆಗಿತ್ತು, ಬೆಳಗ್ಗೆ ತೊಳೆದರಾಯಿತು ಅಂತ ಒಂದು ರೈಫಲ್ಲಿಗೆ ಬರೀ ಎಣ್ಣೆ ಹಾಕಿ, ಆಯುಧ ಇಡುವ ಕೋಣೆಯಾದ ಕೋತ್‌ನಲ್ಲಿ ಇಟ್ಟೆ. ಬೆಳಗ್ಗೆ ಎಳೆದ ಚಿಂದಿ ಕಂದು ಬಣ್ಣಕ್ಕೆ ತಿರುಗಿತ್ತು. ಒಂದೇ ರಾತ್ರಿ. ಆ ಬ್ಯಾರಲ್ಲಿನ ಗೆರೆಗಳ ಮೇಲೆ ಬಿದ್ದ ಸಣ್ಣ ಗುಂಡಿಗಳು ಮತ್ತೆ ಹೋಗಲೇ ಇಲ್ಲ, ಎಷ್ಟು ಉಜ್ಜಿದರೂ. ಅಳಿಯನ ಫೋಟೊ ನೋಡಿದಾಗ ನನಗೆ ನೆನಪಾದದ್ದು ಅದೇ ಚಿಂದಿ.

ತೊಳೆದು ಎತ್ತಿಟ್ಟ ಮೇಲೂ ಕೆಲಸ ಉಳಿದಿದೆ. ಮರುದಿನ ಒಂದು ಬಿಳಿ ಚಿಂದಿ ಎಳೆದು ನೋಡಿ. ಮೂರನೇ ದಿನ ಇನ್ನೊಮ್ಮೆ. ಕೆಂಪು ಛಾಯೆ ಕಂಡರೆ ಉಪ್ಪು ಇನ್ನೂ ಇದೆ, ಮತ್ತೆ ನೀರು ಕಾಯಿಸಿ. ಗದ್ದೆಗೆ ನೀರು ಬಿಟ್ಟ ದಿನಗಳಲ್ಲಿ ನಮ್ಮ ಮನೆಗಳ ಗಾಳಿಯೂ ತೇವವಾಗಿರುತ್ತದೆ, ಆಗ ವಾರಕ್ಕೊಮ್ಮೆ ನೋಡಿದರೆ ಒಳ್ಳೆಯದು. ಚಿಂದಿ ಬೆಳ್ಳಗೆ ಬಂದರೆ ಎಣ್ಣೆಯ ತೆಳು ಪದರ ಕೊಟ್ಟು, ರೈಫಲ್ಲನ್ನು ಒಂದು ಕಡೆ, ಕಾಡತೂಸನ್ನು ಇನ್ನೊಂದು ಕಡೆ ಇಟ್ಟು ಎರಡಕ್ಕೂ ಬೇರೆ ಬೇರೆ ಬೀಗ ಹಾಕಿ.