‘ನಾಳೆ ಬನ್ನಿ’ ಎಂದರೆ ಯಾವತ್ತು? ಕೆಲಸಕ್ಕೆ ಕರೆಯುವವರು ಮೆಸೇಜ್ ಬರೆಯುವ ಕ್ರಮ

ಒಂದು ಗುರುವಾರ ರಾತ್ರಿ ಹತ್ತೂ ಮುಕ್ಕಾಲಿಗೆ ನಾನೊಂದು ಎಸ್‌ಎಂಎಸ್ ಕಳಿಸಿದ್ದೆ: ‘ನಾಳೆ 10 ಗಂಟೆಗೆ ಸಂದರ್ಶನಕ್ಕೆ ಬನ್ನಿ.’ ಹುಡುಗ ಬರಲಿಲ್ಲ. ಬಂದದ್ದು ಶನಿವಾರ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಐಟಿಐ ಮಾರ್ಕ್ಸ್ ಕಾರ್ಡುಗಳ ಫೈಲು ಹಿಡಿದು, ಹತ್ತಕ್ಕೆ ಐದು ನಿಮಿಷ ಇರುವಾಗಲೇ ಗೇಟಿನ ಮುಂದೆ ನಿಂತಿದ್ದ. ವಿಚಾರಿಸಿದರೆ, ಗುರುವಾರ ಅವನಿಗೆ ರಾತ್ರಿ ಪಾಳಿ. ಮೊಬೈಲ್ ಲಾಕರಿನಲ್ಲಿತ್ತು. ಬೆಳಿಗ್ಗೆ ರೂಮಿಗೆ ಹೋಗಿ ಮಲಗಿದವನು ಶುಕ್ರವಾರ ಮಧ್ಯಾಹ್ನ ಎದ್ದು ಮೆಸೇಜ್ ಓದಿದ್ದಾನೆ. ಶುಕ್ರವಾರ ಓದಿದವನಿಗೆ ನಾಳೆ ಎಂದರೆ ಶನಿವಾರವೇ ತಾನೇ? ಅಂದು ಸಂದರ್ಶನ ಮಾಡಬೇಕಾದವರೇ ರಜೆಯಲ್ಲಿದ್ದರು. ಒಂದು ದಿನದ ಸಂಬಳ ಕಳೆದುಕೊಂಡು ಬಂದವನಿಗೆ ಚಹಾ ಕುಡಿಸಿ ವಾಪಸ್ ಕಳಿಸಿದೆ.

ಬೆಂಗಳೂರಿನ ಪೀಣ್ಯದಲ್ಲಿ ಫಿಟ್ಟರ್, ಟರ್ನರ್, ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರ್‌ಗಳನ್ನು ಸೇರಿಸಿಕೊಳ್ಳುವ ಸಣ್ಣ ಕಾರ್ಖಾನೆಗಳಲ್ಲಿ ದೊಡ್ಡ ಕಂಪನಿಗಳಂತೆ ನೇಮಕಾತಿಗೆಂದೇ ಸಾಫ್ಟ್‌ವೇರ್ ಇರುವುದಿಲ್ಲ. ಇಮೇಲ್ ಕಳಿಸಿದರೆ ಹುಡುಗರು ತೆರೆದು ನೋಡುವುದು ಅಪರೂಪ. ಫೋನ್ ಮಾಡಿದರೆ ಗೊತ್ತಿಲ್ಲದ ನಂಬರ್ ಎಂದು ಎತ್ತುವುದಿಲ್ಲ. ಕೊನೆಗೆ ಉಳಿಯುವುದು ಮೆಸೇಜ್. ಅದನ್ನು ಎಲ್ಲರೂ ಕಳಿಸುತ್ತಾರೆ, ಆದರೆ ಕಳಿಸುವವರು ಸಾಮಾನ್ಯವಾಗಿ ಮರೆಯುವ ಸಂಗತಿಯೊಂದಿದೆ. ಕೆಲಸ ಹುಡುಕುವವರಿಗೆ ವಂಚಕರ ಮೆಸೇಜುಗಳೂ ದಿನವೂ ಬರುತ್ತಿರುತ್ತವೆ. ‘ನಿಮ್ಮ ಬಯೋಡೇಟಾ ಆಯ್ಕೆಯಾಗಿದೆ, ಮನೆಯಲ್ಲೇ ಕುಳಿತು ಸಂಪಾದಿಸಿ, ಈ ಲಿಂಕ್ ಒತ್ತಿ’ ಎಂಬ ಧಾಟಿಯವು. ಹಾಗಾಗಿ ನಿಮ್ಮ ಮೆಸೇಜನ್ನೂ ಅವರು ಮೊದಲು ಅನುಮಾನದಿಂದಲೇ ಓದುತ್ತಾರೆ. ಮುಂದೆ ಹೇಳುವುದೆಲ್ಲ ಆ ಅನುಮಾನವನ್ನು ಕಳೆಯುವ ಉಪಾಯಗಳು.

ಮೊದಲು ಒಂದು ನಂಬರ್

ಮಾಲೀಕರ ಸ್ವಂತ ನಂಬರಿನಿಂದ ಒಂದು, ಸೂಪರ್‌ವೈಸರ್ ನಂಬರಿನಿಂದ ಇನ್ನೊಂದು ಮೆಸೇಜ್ ಹೋಗುವುದನ್ನು ನಿಲ್ಲಿಸಿ. ನೇಮಕಾತಿಗೆಂದೇ ಒಂದು ಸಿಮ್ ತೆಗೆದುಕೊಂಡು, ಅದರಲ್ಲಿ ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ. ಈ ಆ್ಯಪ್ ಉಚಿತ. ಪ್ರೊಫೈಲಿನಲ್ಲಿ ಕಾರ್ಖಾನೆಯ ಹೆಸರು, ಪೂರ್ತಿ ವಿಳಾಸ, ಕೆಲಸದ ವೇಳೆ ತುಂಬಿಸಿ. ಬೋರ್ಡ್ ಕಾಣುವಂತೆ ಗೇಟಿನ ಫೋಟೊ ಹಾಕಿದರೆ ಇನ್ನೂ ಒಳ್ಳೆಯದು. ಬಂದವರು ಗುರುತು ಹಿಡಿಯಲೂ ಅದು ಸಹಾಯವಾಗುತ್ತದೆ. ಈ ಕೆಲಸ ನೋಡಿಕೊಳ್ಳುವವರು ನಾಳೆ ಬಿಟ್ಟು ಹೋದರೂ ನಂಬರ್ ಕಾರ್ಖಾನೆಯಲ್ಲೇ ಉಳಿಯುತ್ತದೆ.

ಎಸ್‌ಎಂಎಸ್ಸೋ ವಾಟ್ಸ್ಆ್ಯಪ್ಪೋ ಎಂಬ ಪ್ರಶ್ನೆಯನ್ನು ನನಗೆ ಬಹಳ ಜನ ಕೇಳಿದ್ದಾರೆ. ಎರಡೂ ಬೇಕು. ಡೇಟಾ ಪ್ಯಾಕ್ ಮುಗಿದವನ ಫೋನಿಗೂ ಎಸ್‌ಎಂಎಸ್ ತಲುಪುತ್ತದೆ. ವಾಟ್ಸ್ಆ್ಯಪ್ಪಿನಲ್ಲಿ ಲೊಕೇಶನ್ ಕಳಿಸಬಹುದು, ಓದಿದರೋ ಇಲ್ಲವೋ ಸಾಮಾನ್ಯವಾಗಿ ತಿಳಿಯುತ್ತದೆ. ಸಂದರ್ಶನದ ದಿನಾಂಕವನ್ನು ನಾನು ಎರಡರಲ್ಲೂ ಕಳಿಸುತ್ತೇನೆ.

ಆ ನಂಬರ್ ಯಾರದು?

ಅರ್ಜಿಯಲ್ಲಿ ಬರೆದ ನಂಬರ್ ಅಭ್ಯರ್ಥಿಯದೇ ಆಗಿರಬೇಕೆಂದಿಲ್ಲ. ಐಟಿಐಯಿಂದ ಈಗಷ್ಟೇ ಹೊರಬಂದವರು ಅಪ್ಪನದೋ ಅಣ್ಣನದೋ ನಂಬರ್ ಕೊಟ್ಟಿರುತ್ತಾರೆ. ಪೇಟೆಯಲ್ಲಿ ರೂಮು ಮಾಡಿಕೊಂಡವರು ಜೊತೆಗಾರನದನ್ನೂ ಕೊಡುವುದುಂಟು. ಆದ್ದರಿಂದ ಅರ್ಜಿಯಲ್ಲೇ ಎರಡು ಸಾಲು ಸೇರಿಸಿ: ಈ ನಂಬರ್ ನಿಮ್ಮದೇ? ಸಂದರ್ಶನದ ವಿಷಯವನ್ನು ಎಸ್‌ಎಂಎಸ್ ಮತ್ತು ವಾಟ್ಸ್ಆ್ಯಪ್ಪಿನಲ್ಲಿ ತಿಳಿಸಲು ಒಪ್ಪಿಗೆಯೇ? ನಂಬರ್ ಬೇರೆಯವರದಾದರೆ ಸಂಬಳದ ಮಾತು, ಆಯ್ಕೆಯಾಗದ ಸುದ್ದಿ ಇವನ್ನು ಮೆಸೇಜಿನಲ್ಲಿ ಬರೆಯಬೇಡಿ. ಅಭ್ಯರ್ಥಿಯನ್ನೇ ಫೋನಿಗೆ ಕರೆಸಿ ಹೇಳಿ. ಈಗ ಇನ್ನೊಂದು ಕಡೆ ಕೆಲಸದಲ್ಲಿರುವವರ ವಿಷಯದಲ್ಲಂತೂ ಇದು ಮುಖ್ಯ. ನಿಮ್ಮ ಮೆಸೇಜ್ ಅಲ್ಲಿನ ಸೂಪರ್‌ವೈಸರ್ ಕಣ್ಣಿಗೆ ಬಿದ್ದರೆ ಆಗುವ ನಷ್ಟ ಅವರಿಗೆ, ನಿಮಗಲ್ಲ.

ಮೊದಲ ಮೆಸೇಜ್

ಅದರಲ್ಲಿ ಇರಬೇಕಾದದ್ದು ಮೂರು: ನೀವು ಯಾರು, ನಂಬರ್ ಎಲ್ಲಿಂದ ಸಿಕ್ಕಿತು, ಈಗ ಅವರು ಏನು ಮಾಡಬೇಕು. ನಾನು ಬರೆಯುವುದು ಹೀಗೆ:

‘ಮಂಜುನಾಥ್ ಅವರೇ, ನಮಸ್ಕಾರ. ಪೀಣ್ಯ 2ನೇ ಹಂತದ (ಕಾರ್ಖಾನೆಯ ಹೆಸರು) ಕಡೆಯಿಂದ ಬರೆಯುತ್ತಿದ್ದೇವೆ. ಸೋಮವಾರ ನಮ್ಮ ಗೇಟಿನಲ್ಲಿ ಸಿಎನ್‌ಸಿ ಆಪರೇಟರ್ ಕೆಲಸಕ್ಕೆ ಅರ್ಜಿ ಕೊಟ್ಟಿದ್ದಿರಿ. ಸಂದರ್ಶನಕ್ಕೆ ಬರಲು ಇಷ್ಟವಿದ್ದರೆ 1, ಇಲ್ಲದಿದ್ದರೆ 2 ಎಂದು ಉತ್ತರಿಸಿ. ಯಾವ ಹಂತದಲ್ಲೂ ನಾವು ಹಣ ಕೇಳುವುದಿಲ್ಲ.’

ಸೋಮವಾರ ಗೇಟಿನಲ್ಲಿ ಕೊಟ್ಟ ಅರ್ಜಿಯ ವಿಷಯ ವಂಚಕನಿಗೆ ಗೊತ್ತಿರುವುದಿಲ್ಲ. ಆ ಒಂದು ಸಾಲಿಗೇ ಅನುಮಾನ ಮುಕ್ಕಾಲು ಪಾಲು ಇಳಿಯುತ್ತದೆ. ಲಿಂಕ್ ಹಾಕಬೇಡಿ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ‘ಅಭಿನಂದನೆ’ ಎಂದು ಶುರು ಮಾಡಬೇಡಿ, ವಂಚಕರ ಮೆಸೇಜುಗಳ ಹಣೆಬರಹವೇ ಅದು. ಉತ್ತರಕ್ಕೆ 1, 2 ಇಟ್ಟಿರುವುದಕ್ಕೂ ಕಾರಣವಿದೆ. ಕನ್ನಡ ಟೈಪ್ ಮಾಡಲು ತಡವರಿಸುವವರು, ಇಂಗ್ಲಿಷ್ ತಪ್ಪಾದೀತು ಎಂದು ಅಂಜುವವರು ಉತ್ತರ ಬರೆಯುವುದನ್ನೇ ಮುಂದೂಡುತ್ತಾರೆ. ಒಂದು ಅಂಕಿ ಒತ್ತಲು ಯಾರಿಗೂ ಅಳುಕಿಲ್ಲ.

ಹೆಸರಿನ ಬಗ್ಗೆ ಒಂದು ಎಚ್ಚರಿಕೆ. ಎಕ್ಸೆಲ್ ಪಟ್ಟಿಯ ಮೊದಲ ಪದವನ್ನು ಹೆಸರೆಂದು ತಿಳಿದು ಮೆಸೇಜ್ ತಯಾರಿಸುವ ಸಾಫ್ಟ್‌ವೇರುಗಳು ನಮ್ಮ ಹೆಸರುಗಳ ಮುಂದೆ ಮುಗ್ಗರಿಸುತ್ತವೆ. ಎಚ್.ಆರ್. ಮಂಜುನಾಥ್ ಎಂಬುವರಿಗೆ ಒಮ್ಮೆ ನಮ್ಮಿಂದ ‘ಆತ್ಮೀಯ ಎಚ್ ಅವರೇ’ ಎಂದು ಹೋಗಿತ್ತು. ಅಡ್ಡಹೆಸರು ಮೊದಲು ಬರೆಯುವ ಉತ್ತರ ಕರ್ನಾಟಕದ ಅರ್ಜಿಗಳಿಂದ ಮೂವರು ಬೇರೆ ಬೇರೆ ಪಾಟೀಲರಿಗೆ ಒಂದೇ ಬಗೆಯ ‘ಪಾಟೀಲ ಅವರೇ’ ಹೋಯಿತು. ಕರೆಯುವ ಹೆಸರಿಗೆಂದು ಪಟ್ಟಿಯಲ್ಲಿ ಬೇರೆ ಕಾಲಂ ಮಾಡಿ, ಕೈಯಲ್ಲೇ ತುಂಬಿಸಿ. ವಯಸ್ಸು ಹತ್ತೊಂಬತ್ತಾದರೂ ‘ನೀವು’ ಎಂದೇ ಬರೆಯಿರಿ.

ಸಂದರ್ಶನಕ್ಕೆ ಕರೆಯುವಾಗ

ಎಡವುವುದು ಹೆಚ್ಚಾಗಿ ಇಲ್ಲೇ. ‘ನಾಳೆ’, ‘ನಾಡಿದ್ದು’, ‘ಬರುವ ಶುಕ್ರವಾರ’ ಇವನ್ನು ಪೂರ್ತಿ ಬಿಟ್ಟುಬಿಡಿ. ದಿನಾಂಕ, ವಾರ ಎರಡನ್ನೂ ಬರೆಯಿರಿ. ಒಂದರಲ್ಲಿ ನೀವು ತಪ್ಪಿದರೆ ಇನ್ನೊಂದು ಅದನ್ನು ತೋರಿಸಿಕೊಡುತ್ತದೆ, ಅಭ್ಯರ್ಥಿ ತಿರುಗಿ ಕೇಳುತ್ತಾನೆ. ಗಂಟೆಯ ಮುಂದೆ ಬೆಳಿಗ್ಗೆಯೋ ಸಂಜೆಯೋ ಎಂಬುದಿರಲಿ. ಮೂರು ಪಾಳಿಯಲ್ಲಿ ಕೆಲಸ ಮಾಡಿದವರಿಗೆ 6 ಗಂಟೆ ಎಂದರೆ ಎರಡೂ ಹೊತ್ತು.

ಜಾಗದ ವಿಷಯದಲ್ಲಿ ಪೀಣ್ಯದ್ದೇ ಒಂದು ಫಜೀತಿ ಹೇಳುತ್ತೇನೆ. ಹಸಿರು ಮಾರ್ಗದಲ್ಲಿ ‘ಪೀಣ್ಯ’ ಮತ್ತು ‘ಪೀಣ್ಯ ಇಂಡಸ್ಟ್ರಿ’ ಎಂದು ಅಕ್ಕಪಕ್ಕ ಎರಡು ಮೆಟ್ರೊ ನಿಲ್ದಾಣಗಳಿವೆ. ‘ಪೀಣ್ಯ ಮೆಟ್ರೊ ಹತ್ತಿರ’ ಎಂದು ಬರೆದರೆ ಮೆಜೆಸ್ಟಿಕ್ ಕಡೆಯಿಂದ ಬಂದವರು ಮೊದಲು ಸಿಗುವ ಪೀಣ್ಯದಲ್ಲಿ ಇಳಿಯುತ್ತಾರೆ. ತುಮಕೂರು ರಸ್ತೆಯಲ್ಲಿ ಬಂದು ಮಾದಾವರದಲ್ಲಿ ಮೆಟ್ರೊ ಹತ್ತಿದವರಿಗೆ ಮೊದಲು ಸಿಗುವುದು ಪೀಣ್ಯ ಇಂಡಸ್ಟ್ರಿ, ಅವರು ಅಲ್ಲೇ ಇಳಿಯುತ್ತಾರೆ. ಇವೆರಡೂ ಸಾಲದು ಎಂಬಂತೆ ಕೆಎಸ್‌ಆರ್‌ಟಿಸಿಯ ಬಸವೇಶ್ವರ ಬಸ್ ನಿಲ್ದಾಣವೂ ಪೀಣ್ಯದಲ್ಲೇ ಇದೆ. ನಿಮ್ಮ ಊರಿನಲ್ಲೂ ಇಂಥದೊಂದು ಇದ್ದೇ ಇರುತ್ತದೆ. ಹೊಸಬರಂತೆ ಒಮ್ಮೆ ಬಸ್ಸಿಳಿದು ನಡೆದು ನೋಡಿ, ಆಮೇಲೆ ದಾರಿ ಬರೆಯಿರಿ.

‘ಜೂನ್ 12, ಶುಕ್ರವಾರ, ಬೆಳಿಗ್ಗೆ 10ಕ್ಕೆ ಸಂದರ್ಶನ. ಮೆಟ್ರೊದಲ್ಲಿ ಬರುವುದಾದರೆ ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿಯಿರಿ (ಪೀಣ್ಯ ಅಲ್ಲ). ಗೇಟಿನಲ್ಲಿ ಈ ಮೆಸೇಜ್ ತೋರಿಸಿ. ಮಾರ್ಕ್ಸ್ ಕಾರ್ಡ್ ಮೂಲಪ್ರತಿ ತನ್ನಿ, ನೋಡಿ ವಾಪಸ್ ಕೊಡುತ್ತೇವೆ. ಮೆಷಿನ್ ಮೇಲೆ ಸಣ್ಣ ಪರೀಕ್ಷೆ ಇರುತ್ತದೆ, ಶೂ ಹಾಕಿಕೊಂಡು ಬನ್ನಿ. ಮಧ್ಯಾಹ್ನ 1ರ ಹೊತ್ತಿಗೆ ಮುಗಿಯುತ್ತದೆ. ಬರುವುದಾದರೆ 1, ಬೇರೆ ದಿನ ಬೇಕಾದರೆ 2.’

‘ನೋಡಿ ವಾಪಸ್ ಕೊಡುತ್ತೇವೆ’ ಎಂಬುದನ್ನು ನಾನು ಬೇಕೆಂದೇ ಸೇರಿಸಿದ್ದು. ಮೂಲಪ್ರತಿಯನ್ನು ಇಟ್ಟುಕೊಂಡು ಸತಾಯಿಸಿದ ಕಥೆಗಳನ್ನು ಕೇಳಿರುವ ಹುಡುಗರು ಅದಕ್ಕೆ ಹೆದರಿ ಬರುವುದನ್ನೇ ಬಿಡುತ್ತಾರೆ. ಮುಗಿಯುವ ಹೊತ್ತು ತಿಳಿಸಿದರೆ ಮಧ್ಯಾಹ್ನದ ಪಾಳಿಯವರು ರಜೆ ಹಾಕದೆ ಬಂದು ಹೋಗಬಹುದೋ ಹೇಗೆ ಎಂದು ಲೆಕ್ಕ ಹಾಕಿಕೊಳ್ಳುತ್ತಾರೆ. ಇನ್ನು ಗೇಟಿನ ಸೆಕ್ಯುರಿಟಿಯವರಿಗೂ ಹೆಸರುಗಳ ಪಟ್ಟಿ ಕೊಟ್ಟಿರಿ. ಒಳಗಿನಿಂದ ಮೆಸೇಜ್ ಕಳಿಸಿ ಹೊರಗೆ ತಡೆದು ನಿಲ್ಲಿಸುವುದಕ್ಕಿಂತ ಕರೆಯದಿರುವುದೇ ವಾಸಿ.

ಹಿಂದಿನ ಸಂಜೆ ಒಂದು ಜ್ಞಾಪನೆ ಸಾಕು. ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ರಾತ್ರಿ ಎಂಟರ ನಂತರ ಕಳಿಸಬೇಡಿ. ಉತ್ತರ ಅರ್ಧ ಗಂಟೆಯಲ್ಲಿ ಬರಲಿಲ್ಲವೆಂದು ಹೆಸರು ಹೊಡೆದು ಹಾಕುವ ಮ್ಯಾನೇಜರ್‌ಗಳನ್ನು ನೋಡಿದ್ದೇನೆ. ಪಾಳಿಯಲ್ಲಿರುವವರ ಮೊಬೈಲ್ ಎಂಟು ಗಂಟೆ ಲಾಕರಿನಲ್ಲಿರುತ್ತದೆ. ಒಂದು ಪೂರ್ತಿ ದಿನ ಕಾಯಿರಿ, ಆಮೇಲೆ ಒಂದು ಕರೆ ಮಾಡಿ.

ಶುಕ್ರವಾರಕ್ಕೆ ಎಷ್ಟು ಅಕ್ಷರ?

ಎಸ್‌ಎಂಎಸ್ಸಿನ ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ಇಂಗ್ಲಿಷಿನಲ್ಲಿ ಬರೆದರೆ ಒಂದು ಎಸ್‌ಎಂಎಸ್ಸಿಗೆ 160 ಅಕ್ಷರ. ಕನ್ನಡದಲ್ಲಿ 70. ಅದೂ ನಾವು ಶಾಲೆಯಲ್ಲಿ ಕಲಿತ ಅಕ್ಷರಗಳಲ್ಲ. ಸ್ವರಚಿಹ್ನೆ, ವ್ಯಂಜನವನ್ನು ಅರ್ಧಕ್ಕೆ ನಿಲ್ಲಿಸುವ ವಿರಾಮ ಚಿಹ್ನೆ, ಒತ್ತಕ್ಷರ ಎಲ್ಲವನ್ನೂ ಫೋನ್ ಬಿಡಿಬಿಡಿಯಾಗಿ ಎಣಿಸುತ್ತದೆ. ‘ಶುಕ್ರವಾರ’ ನಮ್ಮ ಕಣ್ಣಿಗೆ ನಾಲ್ಕಕ್ಷರ, ಫೋನಿನ ಲೆಕ್ಕದಲ್ಲಿ ಎಂಟು. 70 ದಾಟಿದರೆ ಮೆಸೇಜ್ 67ರ ತುಂಡುಗಳಾಗಿ ಹೋಗುತ್ತದೆ, ಪ್ರತಿ ತುಂಡೂ ಒಂದು ಎಸ್‌ಎಂಎಸ್. ದಿನಕ್ಕೆ 100 ಎಸ್‌ಎಂಎಸ್ ಉಚಿತವಿರುವ ಪ್ಲಾನಿನಲ್ಲಿ ನಾಲ್ಕು ತುಂಡಿನ ಮೆಸೇಜನ್ನು 25 ಜನರಿಗೆ ಕಳಿಸಿದರೆ ಅಲ್ಲಿಗೆ ಖಾಲಿ. ಇಂಗ್ಲಿಷ್ ಮೆಸೇಜಿನ ನಡುವೆ ಒಂದೇ ಒಂದು ಕನ್ನಡ ಅಕ್ಷರವೋ ₹ ಚಿಹ್ನೆಯೋ ಬಂದರೂ ಇಡೀ ಮೆಸೇಜ್ 70ರ ಲೆಕ್ಕಕ್ಕೆ ಇಳಿಯುತ್ತದೆ. ಹಾಗೆಂದು ನಾನು ಕನ್ನಡ ಬಿಟ್ಟಿಲ್ಲ. ದಿನಾಂಕ, ಗಂಟೆ, ಜಾಗ ಇಷ್ಟನ್ನು ಚುಟುಕಾಗಿ ಎಸ್‌ಎಂಎಸ್ಸಿನಲ್ಲಿ ಕಳಿಸಿ, ವಿವರವನ್ನು ವಾಟ್ಸ್ಆ್ಯಪ್ಪಿಗೆ ಬಿಡುತ್ತೇನೆ.

ನೂರಾರು ಜನರಿದ್ದರೆ

ಎಲ್ಲರನ್ನೂ ಸೇರಿಸಿ ವಾಟ್ಸ್ಆ್ಯಪ್ ಗ್ರೂಪ್ ಮಾಡುವುದು ಸುಲಭ, ಆದರೆ ಮಾಡಲೇಬಾರದು. ಒಬ್ಬರ ನಂಬರ್ ಎಲ್ಲರಿಗೂ ಸಿಗುತ್ತದೆ. ಯಾರು ಎಲ್ಲಿ ಕೆಲಸ ಬಿಡಲು ನೋಡುತ್ತಿದ್ದಾರೆ ಎಂಬುದೂ ಬಯಲಾಗುತ್ತದೆ. ಒಂದೇ ಮೆಸೇಜನ್ನು ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ತಲುಪಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅರ್ಜಿ ಕೊಟ್ಟು ಹೋಗುವಾಗಲೇ ನಂಬರ್ ಸೇವ್ ಮಾಡಿಸಿ.

ಕಂಪ್ಯೂಟರಿನಿಂದ ಸಾಮೂಹಿಕ ಎಸ್‌ಎಂಎಸ್ ಕಳಿಸುವುದಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2018ರ ನಿಯಮಾವಳಿ ಅನ್ವಯಿಸುತ್ತದೆ. ಯಾವುದಾದರೂ ಮೊಬೈಲ್ ಕಂಪನಿಯ ಡಿಎಲ್‌ಟಿ ಪೋರ್ಟಲಿನಲ್ಲಿ (ಸಾಮೂಹಿಕ ಮೆಸೇಜ್ ಕಳಿಸುವವರ ನೋಂದಣಿ ತಾಣ) ಸಂಸ್ಥೆಯನ್ನು ನೋಂದಾಯಿಸಿ, ಕಳಿಸುವವರ ಹೆಸರಾದ ಹೆಡರ್ ಪಡೆದು, ಮೆಸೇಜಿನ ಮಾದರಿಗೆ ಮೊದಲೇ ಒಪ್ಪಿಗೆ ಪಡೆಯಬೇಕು. ಹೆಸರು, ದಿನಾಂಕ ಬದಲಾಗುವ ಕಡೆ ಮಾತ್ರ ಖಾಲಿ ಬಿಡಬಹುದು. ಮೊದಲೇ ನೋಂದಾಯಿಸದ ಲಿಂಕ್ ಇದ್ದರೆ 2024ರ ಅಕ್ಟೋಬರಿನಿಂದ ಅಂಥ ಮೆಸೇಜ್ ಮುಂದೆ ಹೋಗುವುದೇ ಇಲ್ಲ. ಹೆಡರಿನ ಕೊನೆಯಲ್ಲಿ ಪಿ, ಎಸ್, ಟಿ, ಜಿ ಅಕ್ಷರಗಳು 2025ರಲ್ಲಿ ಬಂದವು: ಪಿ ಎಂದರೆ ಪ್ರಚಾರ, ಎಸ್ ಸೇವೆ, ಟಿ ವಹಿವಾಟು, ಜಿ ಸರ್ಕಾರ. ವರ್ಷಕ್ಕೆ ಹತ್ತಿಪ್ಪತ್ತು ಜನರನ್ನು ತೆಗೆದುಕೊಳ್ಳುವವರಿಗೆ ಈ ಗೋಜು ಬೇಡ.

ಫೋಟೊ ತರಿಸಿಕೊಳ್ಳಬೇಡಿ

ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೊ ಕಳಿಸಿ ಎಂದು ಸಂದರ್ಶನಕ್ಕೆ ಮೊದಲೇ ಕೇಳುವವರಿದ್ದಾರೆ. ಯಾಕೆ ಬೇಕು? ಕೆಲಸಕ್ಕೆ ಸೇರುವ ದಿನ ನೋಡಿದರಾಯಿತು. ಮೊದಲೇ ಗುರುತು ಬೇಕೆಂದರೆ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಸಾಕು. ಆಯ್ಕೆಯಾಗದವರ ದಾಖಲೆಗಳು ನಿಮ್ಮ ಫೋನಿನ ಗ್ಯಾಲರಿಯಲ್ಲಿ ಉಳಿದಿದ್ದರೆ ಅಳಿಸಿ. ಯಾವ ಕೆಲಸಕ್ಕೆಂದು ಮಾಹಿತಿ ಪಡೆದಿರೋ ಅದು ಮುಗಿದ ಮೇಲೆ ಅಳಿಸಬೇಕು ಎಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಹೌದು. ನಿಮ್ಮ ಕಾರ್ಖಾನೆಯ ಹೆಸರಿನಲ್ಲೇ ಯಾರೋ ಹಣ ಕೇಳಿದ್ದಾರೆಂದು ತಿಳಿದರೆ ಕೂಡಲೇ ಎಲ್ಲ ಅಭ್ಯರ್ಥಿಗಳಿಗೂ ತಿಳಿಸಿ. ಹಣ ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಲಿ.

ಇಲ್ಲ ಎನ್ನುವುದು, ಬನ್ನಿ ಎನ್ನುವುದು

‘ತಿಳಿಸುತ್ತೇವೆ’ ಎಂದು ಕಳಿಸಿ, ತಿಳಿಸದೇ ಇರುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆ ಒಂದು ಮಾತನ್ನು ನಂಬಿ ಹದಿನೈದು ದಿನ ಬೇರೆ ಕಡೆ ಹೋಗದೆ ಕುಳಿತವರಿದ್ದಾರೆ. ನಾನು ನಾಲ್ಕು ದಿನದೊಳಗೆ ಬರೆಯುತ್ತೇನೆ: ‘ಮಂಜುನಾಥ್ ಅವರೇ, ಶುಕ್ರವಾರ ಬಂದದ್ದಕ್ಕೆ ವಂದನೆಗಳು. ಈ ಸಲ ಫ್ಯಾನಕ್ ಕಂಟ್ರೋಲ್ ಇರುವ ಸಿಎನ್‌ಸಿ ಮೆಷಿನ್ ಮೇಲೆ ಕೆಲಸ ಮಾಡಿ ಗೊತ್ತಿದ್ದವರನ್ನು ತೆಗೆದುಕೊಂಡಿದ್ದೇವೆ. ನೀವು ಬೇರೆ ಕಡೆ ನೋಡಬಹುದು.’ ಕಾರಣ ನಿಜವಾದದ್ದಿದ್ದರೆ ಬರೆಯಿರಿ, ಇಲ್ಲವಾದರೆ ಬರೆಯದಿರಿ. ‘ಮುಂದೆ ಅವಕಾಶವಿದ್ದರೆ ಖಂಡಿತ ಕರೆಯುತ್ತೇವೆ’ ಎಂಬುದನ್ನು ಕರೆಯುವ ಮನಸ್ಸಿದ್ದವರಿಗಷ್ಟೇ ಬರೆಯಿರಿ. ಬೇರೆಯವರ ನಂಬರ್ ಕೊಟ್ಟವರಿಗೆ ಇದನ್ನೂ ಫೋನಿನಲ್ಲೇ ಹೇಳಬೇಕು. ಕಷ್ಟದ ಕರೆ ಅದು, ಆದರೂ ಎರಡೇ ನಿಮಿಷ.

ಆಯ್ಕೆಯಾದವರಿಗೆ ಸಂಬಳ, ಹುದ್ದೆ ಇತ್ಯಾದಿ ಕಾಗದದಲ್ಲೇ ಇರಲಿ. ಮೆಸೇಜಿನ ಕೆಲಸ ಬೇರೆ. ಒಪ್ಪಿಕೊಂಡ ದಿನಕ್ಕೂ ಸೇರುವ ದಿನಕ್ಕೂ ನಡುವೆ ಒಂದು ತಿಂಗಳ ನೋಟಿಸ್ ಅವಧಿ ಇದ್ದರೆ ವಾರಕ್ಕೊಮ್ಮೆ ಒಂದು ಸಾಲು ಬರೆಯಿರಿ. ಸೇರುವ ಹಿಂದಿನ ಸಂಜೆ ಯಾವ ಗೇಟು, ಎಷ್ಟು ಗಂಟೆಗೆ, ಯಾರನ್ನು ಕೇಳಬೇಕು ಎಂಬುದರ ಜೊತೆಗೆ ಇನ್ನೊಂದು ಸಾಲು ಇರಲಿ: ‘ಕ್ಯಾಂಟೀನಿನಲ್ಲಿ ಊಟ ಇರುತ್ತದೆ, ಡಬ್ಬಿ ತರಬೇಕಾಗಿಲ್ಲ.’ ಕೇಳಲು ಎಲ್ಲರಿಗೂ ಸಂಕೋಚ. ಅದನ್ನು ಬರೆಯಲು ಶುರು ಮಾಡಿದ ಮೇಲೆ ಮೊದಲ ದಿನ ಮಧ್ಯಾಹ್ನ ಕ್ಯಾಂಟೀನಿನ ಬಾಗಿಲಲ್ಲಿ ಡಬ್ಬಿ ಬೆನ್ನ ಹಿಂದೆ ಹಿಡಿದು ನಿಲ್ಲುವವರು ಕಾಣಿಸುತ್ತಿಲ್ಲ.