ಅಮೆರಿಕದ ಸಣ್ಣ ನಗರದಲ್ಲಿ ಸ್ಥಳೀಯ ಆಡಳಿತದ ಸೇವೆಗಳನ್ನು ಬಳಸಿಕೊಳ್ಳುವ ಬಗೆ

ಅಮೆರಿಕದ ಸಣ್ಣ ನಗರವೊಂದಕ್ಕೆ ಬಂದು ನೆಲೆಸಿದ ಕನ್ನಡ ಕುಟುಂಬಗಳು ವೀಸಾ, ವಿಮೆ, ಆದಾಯ ತೆರಿಗೆಗಳ ವಿಚಾರವನ್ನು ಬಹುಬೇಗ ಕಲಿತುಕೊಳ್ಳುತ್ತವೆ. ಆದರೆ ಮನೆಯ ಮುಂದಿನ ಬೀದಿದೀಪ ಕೆಟ್ಟರೆ ಯಾರಿಗೆ ಹೇಳಬೇಕು, ಶಾಲೆಯ ಬಳಿ ರಸ್ತೆ ದಾಟುವುದು ಅಪಾಯವೆನಿಸಿದರೆ ಯಾರ ಮುಂದೆ ನಿಲ್ಲಬೇಕು ಎಂಬುದು ಎಷ್ಟೋ ಮಂದಿಗೆ ವರ್ಷಗಳು ಕಳೆದರೂ ತಿಳಿದಿರುವುದಿಲ್ಲ. ದೇಶದಲ್ಲಿ 90,000ಕ್ಕೂ ಹೆಚ್ಚು ಸ್ಥಳೀಯ ಆಡಳಿತ ಘಟಕಗಳಿವೆ. ಒಂದೇ ಮನೆ ಏಕಕಾಲಕ್ಕೆ ನಗರ, ಕೌಂಟಿ (ರಾಜ್ಯದೊಳಗಿನ, ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಮತ್ತು ಶಾಲಾ ಜಿಲ್ಲೆಯ (ಶಾಲೆಗಳನ್ನು ನಡೆಸುವ ಘಟಕ) ವ್ಯಾಪ್ತಿಗೆ, ಕೆಲವೆಡೆ ನೀರು ಇಲ್ಲವೇ ಅಗ್ನಿಶಾಮಕ ಸೇವೆಗೆಂದೇ ರಚಿಸಿದ ವಿಶೇಷ ಜಿಲ್ಲೆಗಳ ವ್ಯಾಪ್ತಿಗೆ ಸೇರಿರುತ್ತದೆ. ಹಾಗಾಗಿ ಯಾವ ಕೆಲಸಕ್ಕೆ ಹೊರಟರೂ ಅದು ಯಾರ ಹೊಣೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಇದನ್ನು ತಿಳಿಯಲು ಆಸ್ತಿ ತೆರಿಗೆಯ ಬಿಲ್ಲಿಗಿಂತ ಒಳ್ಳೆಯ ಕೈಪಿಡಿ ಇಲ್ಲ. ಅನೇಕ ಕಡೆ ಆ ಬಿಲ್ಲಿನಲ್ಲಿ ನಗರಕ್ಕೆ ಎಷ್ಟು, ಕೌಂಟಿಗೆ ಎಷ್ಟು, ಶಾಲೆಗಳಿಗೆ ಎಷ್ಟು ಎಂದು ಪ್ರತ್ಯೇಕ ಸಾಲುಗಳಿರುತ್ತವೆ. ಹಣ ಪಡೆಯುವ ಪ್ರತಿಯೊಂದು ಸಂಸ್ಥೆಯೂ ನಿಮಗೆ ಉತ್ತರ ಕೊಡಬೇಕಾದ ಸಂಸ್ಥೆಯೇ. ಬಾಡಿಗೆ ಮನೆಯಲ್ಲಿರುವವರು ಕೌಂಟಿಯ ಜಾಲತಾಣದಲ್ಲಿ ವಿಳಾಸ ಕೊಟ್ಟು ಇದನ್ನೇ ಹುಡುಕಬಹುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಅಂಚೆ ವಿಳಾಸದಲ್ಲಿ ನಗರದ ಹೆಸರಿದ್ದ ಮಾತ್ರಕ್ಕೆ ಮನೆ ಆ ನಗರದ ಗಡಿಯೊಳಗಿದೆ ಎಂದರ್ಥವಲ್ಲ. ಗಡಿಯ ಹೊರಗಿದ್ದರೆ ರಸ್ತೆ, ಪೊಲೀಸ್ ವ್ಯವಸ್ಥೆ, ಕಟ್ಟಡ ಪರವಾನಗಿ ಇವುಗಳಿಗೆಲ್ಲ ಸಾಮಾನ್ಯವಾಗಿ ಕೌಂಟಿಯನ್ನೇ ಕೇಳಬೇಕು. ವರ್ಜೀನಿಯಾದಲ್ಲಿ ನಗರಗಳು ಕೌಂಟಿಯ ಭಾಗವೇ ಅಲ್ಲ. ಈಶಾನ್ಯದ ನ್ಯೂ ಇಂಗ್ಲೆಂಡ್ ರಾಜ್ಯಗಳಲ್ಲಿ ಹೆಚ್ಚಿನ ಅಧಿಕಾರ ಟೌನುಗಳಲ್ಲಿಯೇ ಇರುತ್ತದೆ. ಮನೆ ಕೊಂಡವರು ಇದೇ ಹೊತ್ತಿಗೆ ಹೋಮ್‌ಸ್ಟೆಡ್ ವಿನಾಯಿತಿಯ ಬಗ್ಗೆಯೂ ವಿಚಾರಿಸಬೇಕು. ಸ್ವಂತ ವಾಸದ ಮನೆಗೆ ತೆರಿಗೆ ತಗ್ಗಿಸುವ ಈ ಸೌಲಭ್ಯ ಅನೇಕ ರಾಜ್ಯಗಳಲ್ಲಿದ್ದರೂ ಅರ್ಜಿ ಹಾಕದವರಿಗೆ ಸಾಮಾನ್ಯವಾಗಿ ದೊರೆಯುವುದಿಲ್ಲ; ಫ್ಲಾರಿಡಾದಲ್ಲಿ ಅದರ ಗಡುವು ಮಾರ್ಚ್ 1.

ದೂರು ಕೊಡುವ ಕ್ರಮಕ್ಕೆ ಬೀದಿದೀಪವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕಂಬದ ಮೇಲೆ ಸಾಮಾನ್ಯವಾಗಿ ಕಣ್ಣಿನ ಮಟ್ಟದಲ್ಲಿ ಒಂದು ಸಣ್ಣ ಲೋಹದ ಪಟ್ಟಿ ಇರುತ್ತದೆ, ಅದರಲ್ಲಿ ಒಂದು ಸಂಖ್ಯೆ ಇರುತ್ತದೆ. ಎಷ್ಟೋ ನಗರಗಳಲ್ಲಿ ಈ ಕಂಬಗಳು ವಿದ್ಯುತ್ ಕಂಪನಿಯ ಸ್ವತ್ತು. ಅಂಥಲ್ಲಿ ಆ ಸಂಖ್ಯೆಯನ್ನು ಕಂಪನಿಗೇ ತಿಳಿಸಬೇಕು. ರಸ್ತೆಯ ಗುಂಡಿಯದೂ ಇದೇ ಕಥೆ. ಬಡಾವಣೆಯ ರಸ್ತೆ ನಗರದ್ದಾಗಿರಬಹುದು, ಊರ ನಡುವೆಯೇ ಹಾಯ್ದುಹೋಗುವ ಸಂಖ್ಯಾಂಕಿತ ಹೆದ್ದಾರಿ ರಾಜ್ಯದ ಸಾರಿಗೆ ಇಲಾಖೆಯದಾಗಿರಬಹುದು. ದೂರಿನಲ್ಲಿ ಹತ್ತಿರದ ಮನೆಯ ಸಂಖ್ಯೆ, ಅಡ್ಡರಸ್ತೆಯ ಹೆಸರು ಮತ್ತು ಒಂದು ಫೋಟೊ ಇರಲಿ. ದೂರಿನ ಸಂಖ್ಯೆಯನ್ನು ಕೇಳಿ ಪಡೆಯಿರಿ. ಮತ್ತೆ ವಿಚಾರಿಸುವಾಗ ಆ ಸಂಖ್ಯೆಯಿದ್ದರೆ ಮಾತು ಮೊದಲಿನಿಂದ ಶುರುವಾಗುವುದು ತಪ್ಪುತ್ತದೆ.

ದೂರವಾಣಿ ಸಂಖ್ಯೆಗಳಲ್ಲಿ 911 ತುರ್ತಿಗೆ ಮಾತ್ರ ಎಂಬುದು ಎಲ್ಲರಿಗೂ ಗೊತ್ತು. ದೊಡ್ಡ ನಗರಗಳಲ್ಲಿ ದೂರುಗಳಿಗಾಗಿ ಇರುವ 311 ಸಣ್ಣ ನಗರಗಳಲ್ಲಿ ಅನೇಕ ವೇಳೆ ಇರುವುದಿಲ್ಲ, ಅಲ್ಲಿ ಸಿಟಿ ಹಾಲ್‌ನ ಮುಖ್ಯ ಸಂಖ್ಯೆಗೆ ಕರೆ ಮಾಡಿದರೆ ಸಾಕು. ಬಾಡಿಗೆ, ಆಹಾರ, ಮಕ್ಕಳ ಪಾಲನೆ ಮೊದಲಾದ ವಿಷಯಗಳಲ್ಲಿ ನೆರವು ಬೇಕಾದರೆ 211, ಮಾನಸಿಕ ಸಂಕಟದ ಹೊತ್ತಿನಲ್ಲಿ 988. ಹಿತ್ತಲಲ್ಲಿ ಗಿಡ ನೆಡಲೋ ಬೇಲಿ ಹಾಕಲೋ ನೆಲ ಅಗೆಯುವ ಕೆಲವು ದಿನ ಮೊದಲು 811ಕ್ಕೆ ತಿಳಿಸಬೇಕು. ನೆಲದಡಿಯ ಅನಿಲ, ವಿದ್ಯುತ್ ಮಾರ್ಗಗಳನ್ನು ಉಚಿತವಾಗಿ ಗುರುತು ಮಾಡಿ ಕೊಡುತ್ತಾರೆ.

ಸೇವೆಗಳ ಪೈಕಿ ಸಾರ್ವಜನಿಕ ಗ್ರಂಥಾಲಯದಷ್ಟು ಉದಾರವಾದುದು ನನಗೆ ಮತ್ತೊಂದು ಕಾಣುವುದಿಲ್ಲ. ವಿಳಾಸದ ಪುರಾವೆಯೊಂದಿಗೆ ಹೋದರೆ ಸಾಮಾನ್ಯವಾಗಿ ಕಾರ್ಡ್ ಉಚಿತವಾಗಿ ಸಿಗುತ್ತದೆ. ತಮ್ಮಲ್ಲಿಲ್ಲದ ಪುಸ್ತಕವನ್ನು ಬೇರೆ ಊರಿನ ಗ್ರಂಥಾಲಯದಿಂದ ತರಿಸಿಕೊಡುತ್ತಾರೆ; ಅನೇಕ ಕಡೆ ವಸ್ತುಸಂಗ್ರಹಾಲಯಗಳ ಪಾಸು, ಇಂಗ್ಲಿಷ್ ತರಗತಿ, ಸಭೆ ನಡೆಸಲು ಕೋಣೆಗಳೂ ಲಭ್ಯ. ಕೌಂಟರಿನಲ್ಲಿರುವ ಗ್ರಂಥಪಾಲಕರಿಗೆ ಯಾವ ಕಚೇರಿಗೆ ಹೋಗಬೇಕೆಂಬ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ, ಅದು ಅವರ ವೃತ್ತಿಯ ಭಾಗ. ಹಿರಿಯರಿಗಾಗಿ ಸೀನಿಯರ್ ಸೆಂಟರ್‌ಗಳಿವೆ. ಹಿರಿಯರ ನೆರವಿಗೆಂದು ಮಾಡಿದ 1965ರ ಓಲ್ಡರ್ ಅಮೆರಿಕನ್ಸ್ ಆಕ್ಟ್ ಕಾನೂನಿನ ಅನುದಾನದಿಂದ ನಡೆಯುವ ಊಟದ ಕಾರ್ಯಕ್ರಮ ಮುಖ್ಯವಾಗಿ 60 ವರ್ಷ ತುಂಬಿದವರಿಗೆ, ಅಲ್ಲಿ ಕೊಡುವ ಹಣ ಸ್ವಇಚ್ಛೆಯ ಕಾಣಿಕೆಯಷ್ಟೇ. ಸಸ್ಯಾಹಾರ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳಿತು. ಉದ್ಯಾನ ಮತ್ತು ಮನರಂಜನಾ ವಿಭಾಗದ ಈಜು ತರಗತಿ, ಬೇಸಿಗೆ ಶಿಬಿರಗಳಲ್ಲಿ ಊರಿನವರಿಗೆ ಶುಲ್ಕ ಕಡಿಮೆ, ನೋಂದಣಿಯ ಅವಕಾಶವೂ ಅನೇಕ ವೇಳೆ ಮೊದಲು. ಜಾಗಗಳು ಬೇಗ ಭರ್ತಿಯಾಗುವುದರಿಂದ ನೋಂದಣಿ ತೆರೆಯುವ ದಿನವನ್ನು ಗುರುತು ಹಾಕಿಕೊಳ್ಳಿ.

ಕಟ್ಟಡದ ವಿಷಯದಲ್ಲಿ ಡೆಕ್ (ಮನೆಗೆ ಹೊಂದಿಕೊಂಡ ತೆರೆದ ಜಗಲಿ), ಬೇಲಿ, ವಾಟರ್ ಹೀಟರ್ ಬದಲಾವಣೆಯಂಥ ಸಣ್ಣ ಕೆಲಸಗಳಿಗೂ ಹಲವೆಡೆ ಪರ್ಮಿಟ್ ಬೇಕು. ಮನೆಮಾಲೀಕರ ಸಂಘದ ಒಪ್ಪಿಗೆ ಬೇರೆ, ನಗರದ ಪರ್ಮಿಟ್ ಬೇರೆ. ಒಂದು ಸಿಕ್ಕರೆ ಇನ್ನೊಂದು ಸಿಕ್ಕಂತಲ್ಲ.

ಇಷ್ಟೆಲ್ಲ ಇದ್ದರೂ ಕೆಲವು ಬೇಡಿಕೆಗಳು ದೂರಿನಿಂದ ತೀರುವುದಿಲ್ಲ. ಶಾಲೆಯ ಮುಂದೆ ಜೀಬ್ರಾ ಕ್ರಾಸಿಂಗ್ ಮತ್ತು ಎಚ್ಚರಿಕೆಯ ದೀಪ ಬೇಕಾದರೆ ಅದು ಹಣದ ಮತ್ತು ತೀರ್ಮಾನದ ಪ್ರಶ್ನೆ. ಅದಕ್ಕೆ ಸಿಟಿ ಕೌನ್ಸಿಲ್ ಸಭೆಗೇ ಹೋಗಬೇಕು. ಅನೇಕ ಸಣ್ಣ ನಗರಗಳಲ್ಲಿ ಮೇಯರ್ ದಿನನಿತ್ಯದ ಆಡಳಿತ ನಡೆಸುವುದಿಲ್ಲ. ಚುನಾಯಿತ ಕೌನ್ಸಿಲ್ ನೀತಿಯನ್ನು ನಿರ್ಧರಿಸುತ್ತದೆ, ಅದು ನೇಮಿಸಿದ ಸಿಟಿ ಮ್ಯಾನೇಜರ್ ಕೆಲಸ ಮಾಡಿಸುತ್ತಾರೆ. ಆ ಹುದ್ದೆಯ ಇತಿಹಾಸ 1908ರಲ್ಲಿ ವರ್ಜೀನಿಯಾದ ಸ್ಟ್ಯಾಂಟನ್ ನಗರದಿಂದ ಆರಂಭವಾಗುತ್ತದೆ. ಆದ್ದರಿಂದ ಸಭೆಗೆ ಮೊದಲೇ ನಿಮ್ಮ ವಾರ್ಡಿನ ಸದಸ್ಯರಿಗೂ ಮ್ಯಾನೇಜರ್ ಕಚೇರಿಗೂ ಒಂದು ಚಿಕ್ಕ ಇಮೇಲ್ ಬರೆಯುವುದು ಜಾಣತನ.

ಸಭೆಯ ಅಜೆಂಡಾವನ್ನು ಹೆಚ್ಚಿನ ಕಡೆ ಮುಂಚಿತವಾಗಿ ಪ್ರಕಟಿಸಲೇಬೇಕು. ಸಾರ್ವಜನಿಕ ಸಭೆಗಳಿಗೆ ಸಂಬಂಧಿಸಿದ ಕ್ಯಾಲಿಫೋರ್ನಿಯಾದ ಬ್ರೌನ್ ಆಕ್ಟ್ ಪ್ರಕಾರ ಸಾಮಾನ್ಯ ಸಭೆಗೆ ಕನಿಷ್ಠ 72 ಗಂಟೆ ಮೊದಲು. ಅನೇಕ ಕಡೆ ಬಾಗಿಲ ಬಳಿ ಇಟ್ಟಿರುವ ಚೀಟಿಯಲ್ಲಿ ಹೆಸರು ಬರೆದು ಸಿಟಿ ಕ್ಲರ್ಕ್ (ಸಭೆಯ ದಾಖಲೆ ನೋಡಿಕೊಳ್ಳುವ ಅಧಿಕಾರಿ) ಕೈಗೆ ಕೊಟ್ಟು ಕುಳಿತರೆ ನಿಮ್ಮ ಸರದಿ ಬರುತ್ತದೆ. ಮಾತಾಡಲು ಸಾಮಾನ್ಯವಾಗಿ 3 ನಿಮಿಷ. ಎದುರಿಗೆ ಅನೇಕ ವೇಳೆ ಹಸಿರು, ಹಳದಿ, ಕೆಂಪು ದೀಪವಿರುವ ಗಡಿಯಾರವಿರುತ್ತದೆ, ಹಳದಿ ಕಂಡ ಕೂಡಲೇ ಕೊನೆಯ ವಾಕ್ಯಕ್ಕೆ ಬರಬೇಕು. ನೀವು ಹೇಳಿದ್ದಕ್ಕೆ ಸದಸ್ಯರು ಅಲ್ಲಿಯೇ ಉತ್ತರಿಸದಿದ್ದರೆ ಅದನ್ನು ಅನಾದರವೆಂದು ತಿಳಿಯಬೇಡಿ, ಅಜೆಂಡಾದಲ್ಲಿಲ್ಲದ ವಿಷಯವನ್ನು ಚರ್ಚಿಸಲು ಅನೇಕ ಕಡೆ ಕಾನೂನೇ ಬಿಡುವುದಿಲ್ಲ. ಉಚ್ಚಾರಣೆಯ ಅಳುಕಿನಿಂದ ಸುಮ್ಮನಾಗುವವರಿಗೆ ನಾನು ಹೇಳುವುದಿಷ್ಟೇ: ಬರೆದುಕೊಂಡು ಹೋಗಿ ನಿಧಾನವಾಗಿ ಓದಿ, ಅದಕ್ಕೆ ಯಾರ ಆಕ್ಷೇಪವೂ ಇರುವುದಿಲ್ಲ. ವಿಳಾಸ, ಸಮಸ್ಯೆ, ಬೇಕಾದ ಪರಿಹಾರ, ಇಷ್ಟು ಇದ್ದರೆ ಸಾಕು. ಹಿಂದೆ ಕುಳಿತ ನೆರೆಹೊರೆಯ ಹತ್ತು ಮಂದಿ ಎದ್ದು ನಿಂತು ಬೆಂಬಲ ಸೂಚಿಸಿದರೆ ಅದು ಉದ್ದನೆಯ ಭಾಷಣಕ್ಕಿಂತ ಮೇಲು.

ಕಾಲ ನೋಡಿ ಕೇಳುವುದೂ ಮುಖ್ಯ. ಅನೇಕ ನಗರಗಳ ಆರ್ಥಿಕ ವರ್ಷ ಜುಲೈ 1ಕ್ಕೆ ಆರಂಭವಾಗುತ್ತದೆ. ಅಂಥಲ್ಲಿ ಬಜೆಟ್ಟಿನ ವಿಚಾರಣೆ ವಸಂತಕಾಲದಲ್ಲಿಯೇ ಮುಗಿಯುವುದರಿಂದ ಆಗಸ್ಟಿನಲ್ಲಿ ಕೇಳಿದ ಪಾದಚಾರಿ ಮಾರ್ಗಕ್ಕೆ ಮುಂದಿನ ವರ್ಷದವರೆಗೂ ಹಣ ದೊರೆಯದು. ದೊಡ್ಡ ಕಾಮಗಾರಿಗಳು ಹಲವು ವರ್ಷಗಳ ಬಂಡವಾಳ ಯೋಜನೆಯಲ್ಲಿ ಸೇರಬೇಕು, ಆ ಪಟ್ಟಿಯನ್ನು ತರಿಸಿ ನೋಡಿ.

ಸಭೆಯಲ್ಲಿ ಮಾತಾಡಲು ಪೌರತ್ವ ಬೇಕಿಲ್ಲ. ಮತದಾನ ಮಾತ್ರ ಬೇರೆ ವಿಷಯ, ಅದು ಸಾಮಾನ್ಯವಾಗಿ ಪೌರರಿಗಷ್ಟೇ. 1993ರ ರಾಷ್ಟ್ರೀಯ ಕಾನೂನೊಂದರಂತೆ ಹೆಚ್ಚಿನ ರಾಜ್ಯಗಳಲ್ಲಿ ಚಾಲನಾ ಪರವಾನಗಿಯ ಕಚೇರಿಯಲ್ಲಿ ಮತದಾರರ ನೋಂದಣಿಯ ಬಗ್ಗೆಯೂ ಕೇಳುತ್ತಾರೆ. ಗ್ರೀನ್ ಕಾರ್ಡ್ ಅಥವಾ ಕೆಲಸದ ವೀಸಾ ಹೊಂದಿರುವವರು ಅಲ್ಲಿ ಅಜಾಗರೂಕತೆಯಿಂದಲೂ ಪೌರರೆಂದು ಗುರುತು ಹಾಕಬಾರದು. ಅದು ಗಡೀಪಾರಿಗೂ ಕಾರಣವಾಗಬಲ್ಲದು. ಮೇರಿಲ್ಯಾಂಡಿನ ಟಕೋಮಾ ಪಾರ್ಕ್‌ನಂಥ ಕೆಲವೇ ಊರುಗಳು ಸ್ಥಳೀಯ ಚುನಾವಣೆಯಲ್ಲಿ ಪೌರರಲ್ಲದವರಿಗೂ ಮತದಾನದ ಹಕ್ಕು ಕೊಟ್ಟಿವೆ.

ಗ್ರಂಥಾಲಯ, ಉದ್ಯಾನ, ನಗರ ಯೋಜನೆಗಳಿಗೆ ಸಂಬಂಧಿಸಿದ ಸಲಹಾ ಮಂಡಳಿಗಳಲ್ಲಿ ಸಣ್ಣ ನಗರಗಳಲ್ಲಿ ಆಗಾಗ ಸ್ಥಾನಗಳು ಖಾಲಿ ಬೀಳುತ್ತವೆ. ಕೆಲವಕ್ಕೆ ಮತದಾರರಾಗಿರಬೇಕೆಂಬ ನಿಯಮವಿದೆ, ಕೆಲವಕ್ಕೆ ಊರಿನ ನಿವಾಸಿಯಾಗಿದ್ದರೆ ಸಾಕು. ಅರ್ಜಿಯ ನಮೂನೆ ಸಿಟಿ ಕ್ಲರ್ಕ್ ಕಚೇರಿಯಲ್ಲಿ ದೊರೆಯುತ್ತದೆ. ಅದನ್ನು ತುಂಬುವ ಮೊದಲು ಆ ಮಂಡಳಿಯ ಒಂದೆರಡು ಸಭೆಗಳಲ್ಲಿ ಕುಳಿತು ಕೇಳಿ, ಹಿಂದಿನ ನಡಾವಳಿಯನ್ನು ಓದಿಕೊಂಡು ಹೋಗಿ.